ಮನೆ ತಪಾಸಣೆಯಲ್ಲಿ ದೋಷ ಸಿಕ್ಕಿತಾ? ಕೊಳ್ಳುವ ಮುಂಚೆ ಏನೇನು ಮಾಡಬೇಕು

ನಮ್ಮ ಇಂಜಿನಿಯರ್ ಬೀರುವನ್ನು ಗೋಡೆಯಿಂದ ಒಂದಡಿ ಈಚೆಗೆ ಎಳೆದಾಗ ಒಂದು ವಾಸನೆ ಬಂತು. ಮುಚ್ಚಿಟ್ಟ ಗೋಣಿಚೀಲದ ವಾಸನೆ. ನೆಲದಿಂದ ಮೂರಡಿ ಎತ್ತರದವರೆಗೆ ಬಣ್ಣ ಉಬ್ಬಿ ಸಿಪ್ಪೆ ಎದ್ದಿತ್ತು, ಬೆರಳಲ್ಲಿ ಮುಟ್ಟಿದರೆ ಬಿಳಿ ಪುಡಿ ಉದುರುತ್ತಿತ್ತು. ಅದೇ ರೂಮಿನಲ್ಲಿ ನಾನು, ನನ್ನ ಹೆಂಡತಿ ನಾಲ್ಕು ಸಲ ನಿಂತಿದ್ದೆವು, ಮಗಳ ಮಂಚ ಯಾವ ಕಡೆ ಹಾಕೋದು ಅಂತ ಮಾತಾಡಿಕೊಂಡಿದ್ದೆವು. ಬೀರುವಿನ ಹಿಂದೆ ಏನಿದೆ ಅಂತ ನೋಡಬೇಕು ಎಂದು ಒಂದು ಸಲವೂ ಹೊಳೆದಿರಲಿಲ್ಲ.

ಅದು ದಕ್ಷಿಣ ಬೆಂಗಳೂರಿನ ಒಂದು ಹಳೇ ಮನೆ. 30×40 ಸೈಟು, ಕೆಳಗೆ ಒಂದು, ಮೇಲೆ ಒಂದು ಮನೆ, ಟೆರೇಸಿನ ಮೇಲೆ ಒಂದು ರೂಮು. ವರದಿ ಬುಧವಾರ ಕೈಗೆ ಬಂತು, ಶುಕ್ರವಾರ ಅಡ್ವಾನ್ಸ್ ಕೊಡಬೇಕಿತ್ತು. ಕೆಳಗಿನ ರೂಮಲ್ಲಿ ತೇವ, ಟೆರೇಸ್ ರೂಮಿನ ಮೋಲ್ಡಿನಲ್ಲಿ (ಕಾಂಕ್ರೀಟ್ ಛಾವಣಿಯಲ್ಲಿ) ತುಕ್ಕು ಹಿಡಿದ ಕಬ್ಬಿಣ, ಅರ್ತಿಂಗ್ ಇಲ್ಲದ ವೈರಿಂಗು, ಮತ್ತು ಸೈಟು ಒಂದು ಕಡೆ ಒಂದಡಿ ಕಮ್ಮಿ. ಆ ರಾತ್ರಿ ಮನೆಯಲ್ಲಿ ಯಾರೂ ಸರಿಯಾಗಿ ಊಟ ಮಾಡಲಿಲ್ಲ.

ಕೊನೆಗೆ ಆ ಮನೆಯನ್ನೇ ಕೊಂಡೆವು. ಅದಕ್ಕೂ ಮುಂಚೆ ನೋಡಿದ್ದ ಇನ್ನೊಂದು ಮನೆಯನ್ನು, ನೋಡೋಕೆ ಇದಕ್ಕಿಂತ ಎಷ್ಟೋ ಚೆನ್ನಾಗಿದ್ದರೂ, ಬಿಟ್ಟು ಬಂದಿದ್ದೆವು. ಎರಡರಿಂದಲೂ ಒಂದೇ ಪಾಠ ಕಲಿತೆ: ದೋಷ ಎಷ್ಟು ದೊಡ್ಡದು ಅಂತ ಹೆದರುವ ಮುಂಚೆ ಅದರ ಕಾರಣ ಏನು ಅಂತ ಹುಡುಕಬೇಕು. ಕಾರಣ ಗೊತ್ತಾದರೆ ಖರ್ಚು ಗೊತ್ತಾಗುತ್ತದೆ. ಖರ್ಚು ಗೊತ್ತಾದರೆ ಮಾತುಕತೆ ಮಾಡಬಹುದು. ಕಾರಣವೇ ಗೊತ್ತಾಗದ ದೋಷಕ್ಕೆ ಯಾರೂ ಬೆಲೆ ಕಟ್ಟಬಾರದು, ನೀವೂ ಕಟ್ಟಬೇಡಿ.

ಮೊದಲ ಕೆಲಸ: ದುಡ್ಡು ನಿಲ್ಲಿಸಿ

ವರದಿಯಲ್ಲಿ ಏನೇ ಬಂದಿರಲಿ, ಮೊದಲು ಮಾಡಬೇಕಾದ್ದು ಒಂದೇ. ಹೊಸದಾಗಿ ಒಂದು ರೂಪಾಯಿಯನ್ನೂ ಕೊಡಬೇಡಿ. ಬ್ರೋಕರ್ ಫೋನ್ ಮಾಡುತ್ತಾರೆ. "ಇನ್ನೊಬ್ಬರು ನೋಡ್ಕೊಂಡು ಹೋಗಿದ್ದಾರೆ ಸಾರ್, ಆಷಾಢ ಶುರುವಾಗೋಕೆ ಮುಂಚೆ ರಿಜಿಸ್ಟ್ರೇಷನ್ ಮುಗಿಸಿಬಿಡಿ" ಅನ್ನುತ್ತಾರೆ. ಒಂದು ವಾರ ತಡವಾದರೆ ಆಕಾಶ ಬೀಳುವುದಿಲ್ಲ. ನಿಜ ಹೇಳಬೇಕೆಂದರೆ, ಸೋರುವ ಮನೆಯನ್ನು ಕಣ್ಣಾರೆ ನೋಡುವುದಕ್ಕೆ ಆಷಾಢದ ಮಳೆಗಿಂತ ಒಳ್ಳೆಯ ಸಮಯ ಇಲ್ಲ.

ಟೋಕನ್ ಕೊಟ್ಟಾಗಿದ್ದರೆ ಅದಕ್ಕೆ ರಸೀದಿ ಇದೆಯಾ, ಅದರಲ್ಲಿ ಏನು ಬರೆದಿದೆ ಅಂತ ಮೊದಲು ನೋಡಿ. ಬಿಟ್ಟು ಬಂದ ಆ ಮೊದಲ ಮನೆಗೆ ನಾವು 50 ಸಾವಿರ ಟೋಕನ್ ಕೊಟ್ಟಿದ್ದೆವು. ಬಾಯಿಮಾತಿನ ಮೇಲೆ. ವಾಪಸ್ ಬಂದದ್ದು 30 ಸಾವಿರ. ಉಳಿದದ್ದಕ್ಕೆ ಆರು ತಿಂಗಳು ಫೋನ್ ಮಾಡಿ ಸುಮ್ಮನಾದೆವು. ಎರಡನೇ ಮನೆಗೆ ಬರುವ ಹೊತ್ತಿಗೆ ಬುದ್ಧಿ ಬಂದಿತ್ತು. "ತಪಾಸಣೆ ಮತ್ತು ದಾಖಲೆ ಪರಿಶೀಲನೆ ಒಪ್ಪಿಗೆಯಾಗದಿದ್ದರೆ ಪೂರ್ತಿ ವಾಪಸ್" ಅಂತ ಒಂದು ಸಾಲು ಬರೆಸಿ, ಚೆಕ್ ನಂಬರ್ ಹಾಕಿಸಿ, ಮಾರುವವರ ಸಹಿ ತಗೊಂಡೇ ಟೋಕನ್ ಕೊಟ್ಟೆವು.

ಇಲ್ಲಿ ಒಂದು ತಪ್ಪು ತಿಳಿವಳಿಕೆ ಜಾಸ್ತಿ ಇದೆ. "ಬ್ಯಾಂಕಿನವರು ಬಂದು ನೋಡಿದ್ದಾರಲ್ಲ, ಸಾಲವೂ ಪಾಸಾಗಿದೆ, ಇನ್ನೇನು?" ಅಂತ. ಬ್ಯಾಂಕಿನ ವ್ಯಾಲ್ಯುಯರ್ ನೋಡುವುದು ಸಾಲ ಮುಳುಗಿದರೆ ಈ ಆಸ್ತಿ ಮಾರಿ ದುಡ್ಡು ಬರುತ್ತಾ ಅಂತ. ನಿಮ್ಮ ಬೀರುವಿನ ಹಿಂದೆ ಅವರು ನೋಡುವುದಿಲ್ಲ. ಬೆಂಗಳೂರಿನಂಥ ಊರಲ್ಲಿ ಸೈಟಿನ ಬೆಲೆಯೇ ಮುಕ್ಕಾಲು ಪಾಲು ಇರುತ್ತದೆ, ಕಟ್ಟಡ ಹೇಗಿದ್ದರೂ ಅವರ ಲೆಕ್ಕ ಹೆಚ್ಚು ಕಡಿಮೆ ಸರಿಹೋಗುತ್ತದೆ. ನಿಮ್ಮ ಲೆಕ್ಕ ಹಾಗಲ್ಲ ಅಲ್ವಾ, ನೀವು ಅಲ್ಲಿ ಮಲಗಬೇಕು.

ವರದಿಯನ್ನು ಮನೆಯಲ್ಲೇ ನಿಂತು ಓದಿ

ಪಿಡಿಎಫ್ ಓದಿ ತೀರ್ಮಾನ ಮಾಡಬೇಡಿ. ಅದರಲ್ಲಿ ಸಿಂಕಿನ ಕೊಳಾಯಿ ತೊಟ್ಟಿಕ್ಕುವುದೂ ಒಂದು ಸಾಲು, ಬೀಮಿನಲ್ಲಿ ಬಿರುಕು ಬಿಟ್ಟಿರುವುದೂ ಒಂದು ಸಾಲು. ಎರಡೂ ಒಂದೇ ಅಕ್ಷರದಲ್ಲಿ ಇರುತ್ತವೆ. ಇಂಜಿನಿಯರ್ ಜೊತೆ ಇನ್ನೊಮ್ಮೆ ಮನೆಗೆ ಹೋಗಿ, ಒಂದೊಂದು ಜಾಗದಲ್ಲೂ ನಿಂತು ಕೇಳಿ. ಎರಡನೇ ಭೇಟಿಗೆ ಬೇರೆ ಫೀ ಕೇಳಿದರೆ ಕೊಡಿ. ಇಡೀ ವ್ಯವಹಾರದಲ್ಲಿ ಅಷ್ಟು ಚೆನ್ನಾಗಿ ಖರ್ಚಾಗುವ ದುಡ್ಡು ಇನ್ನೊಂದಿಲ್ಲ.

ನಾನು ಕೇಳಿದ್ದು ಇಷ್ಟು. ಇದಕ್ಕೆ ಕಾರಣ ಏನು, ಖಚಿತವಾ ಅಥವಾ ಊಹೆಯಾ? ಹೀಗೇ ಬಿಟ್ಟರೆ ಎರಡು ವರ್ಷದಲ್ಲಿ ಏನಾಗುತ್ತದೆ? ರಿಪೇರಿ ಮಾಡಲು ಏನೇನು ಒಡೆಯಬೇಕು? ಮತ್ತೆ ಕೊನೆಯದಾಗಿ, "ನೀವಾದರೆ ಈ ಮನೆ ತಗೋತೀರಾ?" ಈ ಕೊನೆಯ ಪ್ರಶ್ನೆಗೆ ಬಂದ ಉತ್ತರಕ್ಕಿಂತ, ಉತ್ತರ ಕೊಡುವ ಮುಂಚೆ ಅವರು ಎಷ್ಟು ಹೊತ್ತು ಯೋಚಿಸಿದರು ಅನ್ನೋದು ನನಗೆ ಹೆಚ್ಚು ಹೇಳಿತು.

ಆಮೇಲೆ ಒಂದು ಹಾಳೆ ತಗೊಂಡು ದೋಷಗಳನ್ನು ಬೇರೆ ಬೇರೆ ಮಾಡಿ. ಬಣ್ಣ, ಕೊಳಾಯಿ, ಬಾಗಿಲ ಚಿಲಕದಂಥವನ್ನು ಪಕ್ಕಕ್ಕೆ ಇಡಿ, ಹಳೇ ಮನೆ ಅಂದಮೇಲೆ ಇವು ಇದ್ದೇ ಇರುತ್ತವೆ. ತೇವ, ಬಿರುಕು, ತುಕ್ಕು, ವೈರಿಂಗ್ ದುಡ್ಡಿನಿಂದ ಸರಿಹೋಗುವಂಥವು, ಎಷ್ಟು ದುಡ್ಡು ಅನ್ನೋದಷ್ಟೇ ಪ್ರಶ್ನೆ. ಅಳತೆ, ಕಾಲುವೆ, ಪ್ಲಾನು, ಖಾತೆ ಬೇರೆ ಜಾತಿಯವು. ಅವುಗಳಲ್ಲಿ ಕೆಲವನ್ನು ಎಷ್ಟು ದುಡ್ಡು ಕೊಟ್ಟರೂ ಸರಿ ಮಾಡೋಕೆ ಆಗುವುದಿಲ್ಲ.

ತೇವ: ನೀರು ಎಲ್ಲಿಂದ ಬರುತ್ತಿದೆ?

ಅತಿ ಹೆಚ್ಚು ಸಿಗುವ ದೋಷ ಇದು, ಅತಿ ಹೆಚ್ಚು ಜನ ಮೋಸ ಹೋಗುವುದೂ ಇಲ್ಲೇ. ಒಂದು ಕೈ ಪುಟ್ಟಿ, ಎರಡು ಕೈ ಬಣ್ಣ ಹೊಡೆದರೆ ನಾಲ್ಕು ತಿಂಗಳು ಏನೂ ಕಾಣುವುದಿಲ್ಲ. ಮನೆಯಲ್ಲಿ ಒಂದೇ ಒಂದು ಗೋಡೆಗೆ ಮಾತ್ರ ಹೊಸ ಬಣ್ಣ ಇದ್ದರೆ ಆ ಗೋಡೆಯ ಮುಂದೆ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲಿ.

ನೀರು ಬರುವ ದಾರಿ ಮೂರು. ನೆಲದಿಂದ ಮೇಲಕ್ಕೆ ಹೀರುವ ತೇವ, ಹೊರಗಿನಿಂದ ಅಥವಾ ಟೆರೇಸಿನಿಂದ ಇಳಿಯುವ ಮಳೆನೀರು, ಮತ್ತು ಒಳಗಿನ ಪೈಪು ಅಥವಾ ಬಚ್ಚಲಿನ ಸೋರಿಕೆ. ಮೂರಕ್ಕೂ ಔಷಧಿ ಬೇರೆ ಬೇರೆ. ತಪ್ಪು ಔಷಧಿಗೆ ಲಕ್ಷಗಟ್ಟಲೆ ಸುರಿದವರನ್ನು ನಾನೇ ನೋಡಿದ್ದೇನೆ. ಟೆರೇಸಿಗೆ ವಾಟರ್‌ಪ್ರೂಫಿಂಗ್ ಮಾಡಿಸಿ ಮುಗಿಸಿದ ಮೇಲೆ, ನೀರು ಬರುತ್ತಿದ್ದದ್ದು ಮೇಲಿನ ಬಚ್ಚಲಿನ ಪೈಪಿನಿಂದ ಅಂತ ಗೊತ್ತಾಯಿತು.

ನೆಲದ ತೇವ ಸಾಮಾನ್ಯವಾಗಿ ಮೂರ್ನಾಲ್ಕು ಅಡಿ ದಾಟುವುದಿಲ್ಲ. ಅದರ ಮೇಲಂಚಿನಲ್ಲಿ ಒಂದು ಗೆರೆ ಎಳೆದ ಹಾಗೆ ಬಿಳಿ ಉಪ್ಪು ಕಟ್ಟಿರುತ್ತದೆ. ಬೇಸಿಗೆಯಲ್ಲೂ ಪೂರ್ತಿ ಒಣಗುವುದಿಲ್ಲ. ಮಳೆನೀರಿನ ತೇವ ಮೇಲಿನಿಂದ ಇಳಿದು ಬರುತ್ತದೆ, ಮಳೆ ನಿಂತ ಮೇಲೆ ಬಣ್ಣ ತಿಳಿಯಾಗುತ್ತದೆ. ಪೈಪಿನ ಸೋರಿಕೆಗೆ ಕಾಲ ಇಲ್ಲ, ಬಚ್ಚಲು ಅಥವಾ ಅಡುಗೆಮನೆಗೆ ಅಂಟಿಕೊಂಡ ಗೋಡೆಯಲ್ಲಿ ಮಚ್ಚೆ ಮಚ್ಚೆಯಾಗಿ ಹರಡುತ್ತದೆ.

ಕಣ್ಣಿನಲ್ಲಿ ಹೇಳೋಕೆ ಆಗದಿದ್ದಾಗ ಮಾಡುವ ಪರೀಕ್ಷೆಗಳು ಸುಲಭ, ಖರ್ಚೂ ಇಲ್ಲ. ಒಂದಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ನಾಲ್ಕೂ ಕಡೆ ಟೇಪ್ ಹಾಕಿ ಅಂಟಿಸಿ, ಎರಡು ದಿನ ಬಿಡಿ. ಹಾಳೆಯ ಒಳಗಡೆ, ಅಂದರೆ ಗೋಡೆಯ ಕಡೆ ಹನಿ ಕಟ್ಟಿದ್ದರೆ ನೀರು ಗೋಡೆಯೊಳಗಿಂದ ಬರುತ್ತಿದೆ. ರೂಮಿನ ಕಡೆ ಮಾತ್ರ ಹನಿ ಇದ್ದರೆ ಅದು ಗಾಳಿಯ ತೇವ, ಕಿಟಕಿ ತೆಗೆದರೆ ಹೋಗುತ್ತದೆ. ಪೈಪಿನ ಅನುಮಾನ ಇದ್ದರೆ ರಾತ್ರಿ ಎಲ್ಲ ಕೊಳಾಯಿ ಮುಚ್ಚಿ, ಟ್ಯಾಂಕಿಗೆ ನೀರು ಬರುವುದನ್ನೂ ನಿಲ್ಲಿಸಿ, ನೀರಿನ ಮಟ್ಟಕ್ಕೆ ಗುರುತು ಹಾಕಿ, ಬೆಳಿಗ್ಗೆ ನೋಡಿ. ಸಂಪಿಗೂ ಇದೇ ಪರೀಕ್ಷೆ. ಟೆರೇಸಿಗಾದರೆ ನೀರು ಹೋಗುವ ಪೈಪಿನ ಬಾಯಿ ಕಟ್ಟಿ, ಒಂದೆರಡು ಇಂಚು ನೀರು ನಿಲ್ಲಿಸಿ, 48 ಗಂಟೆ ಬಿಟ್ಟು ಕೆಳಗಿನ ಸೀಲಿಂಗ್ ನೋಡಬೇಕು. ಇದನ್ನು ಇಂಜಿನಿಯರ್ ಮೋಲ್ಡು ಗಟ್ಟಿ ಇದೆ ಅಂದ ಮೇಲೆ ಮಾತ್ರ ಮಾಡಿ. ಇದೆಲ್ಲಕ್ಕೂ ಮಾರುವವರ ಒಪ್ಪಿಗೆ ಬೇಕು. ಮುಚ್ಚಿಡುವಂಥದ್ದು ಇಲ್ಲದವರು ಸಾಮಾನ್ಯವಾಗಿ ಬೇಡ ಅನ್ನುವುದಿಲ್ಲ.

ನಮ್ಮ ಬೀರುವಿನ ಹಿಂದಿನ ಗೋಡೆಗೆ ಪ್ಲಾಸ್ಟಿಕ್ ಹಾಳೆ ಅಂಟಿಸಿದೆವು. ಮೂರನೇ ದಿನ ಒಳಗಡೆ ಹನಿ ಮುತ್ತಿನ ಹಾಗೆ ಕೂತಿತ್ತು. ನೆಲದ ತೇವವೇ ಇರಬೇಕು ಅಂತ ಎಲ್ಲರೂ ಅಂದುಕೊಂಡೆವು. ಇಂಜಿನಿಯರ್ ಒಪ್ಪಲಿಲ್ಲ. ಹೊರಗೆ ಹೋಗಿ ನೋಡಿದರೆ ಪಕ್ಕದ ಸಣ್ಣ ಓಣಿಗೆ ಯಾವಾಗಲೋ ಸಿಮೆಂಟ್ ಹಾಕಿ ನೆಲ ಎತ್ತರಿಸಿದ್ದರು. ಹೊರಗಿನ ನೆಲ ಒಳಗಿನ ನೆಲಕ್ಕಿಂತ ನಾಲ್ಕು ಇಂಚು ಮೇಲಿತ್ತು, ಇಳಿಜಾರು ಗೋಡೆಯ ಕಡೆಗೇ ಇತ್ತು. ವರ್ಷಗಟ್ಟಲೆ ಬಟ್ಟೆ ಒಗೆದ ನೀರು ಆ ಗೋಡೆಯ ಬುಡಕ್ಕೇ ಹೋಗಿದೆ. ಓಣಿಯ ಸಿಮೆಂಟ್ ಒಡೆದು, ನೆಲ ತಗ್ಗಿಸಿ, ಇಳಿಜಾರು ತಿರುಗಿಸಿ, ಗೋಡೆಯ ಹಳೇ ಗಾರೆ ಕಿತ್ತು ಹೊಸದು ಮಾಡಿದ್ದಷ್ಟೇ ರಿಪೇರಿ. ಗೋಡೆಗೆ ರಾಸಾಯನಿಕ ಇಂಜೆಕ್ಷನ್ ಮಾಡಬೇಕು ಅಂತ ಬೇರೆ ಒಬ್ಬರು ಹೇಳಿದ್ದ ಖರ್ಚಿನ ಕಾಲು ಭಾಗದಲ್ಲಿ ಮುಗಿಯಿತು.

ಬಿರುಕು ಮತ್ತು ತುಕ್ಕು

ಬಿರುಕು ಕಂಡ ತಕ್ಷಣ ಮನೆ ಬೀಳುತ್ತದೆ ಅಂತ ಅಲ್ಲ. ಕೂದಲೆಳೆಯಷ್ಟು ಸಣ್ಣ ಬಿರುಕು, ಬಲೆಯ ಹಾಗೆ ಹರಡಿದ್ದರೆ, ಬಹುಪಾಲು ಗಾರೆಯದ್ದು. ಪಿಲ್ಲರ್ ಮತ್ತು ಗೋಡೆ ಸೇರುವ ಕಡೆ ರೂಲರ್ ಇಟ್ಟು ಎಳೆದ ಹಾಗೆ ನೇರ ಗೆರೆ ಇದ್ದರೆ, ಕಾಂಕ್ರೀಟು ಮತ್ತು ಇಟ್ಟಿಗೆ ಬಿಸಿಲಿಗೆ ಬೇರೆ ಬೇರೆ ರೀತಿ ಹಿಗ್ಗುವುದರಿಂದ ಆದದ್ದು. ಸೇರುವ ಜಾಗಕ್ಕೆ ಚಿಕನ್ ಮೆಶ್ (ತಂತಿ ಬಲೆ) ಹಾಕದೆ ಗಾರೆ ಮಾಡಿದರೆ ಹೀಗಾಗುತ್ತದೆ.

ನೀವು ನಿಲ್ಲಬೇಕಾದ್ದು ಓರೆ ಬಿರುಕಿನ ಮುಂದೆ. ಬಾಗಿಲು, ಕಿಟಕಿಯ ಮೂಲೆಯಿಂದ ಓರೆಯಾಗಿ ಮೇಲಕ್ಕೆ ಹೋಗಿ, ಒಂದು ಕೊನೆಯಲ್ಲಿ ಅಗಲ, ಇನ್ನೊಂದು ಕೊನೆಯಲ್ಲಿ ಸಣ್ಣ ಆಗುತ್ತಾ ಹೋಗುವ ಬಿರುಕು, ಅಥವಾ ಹೊರಗೋಡೆಯಲ್ಲಿ ಇಟ್ಟಿಗೆಯ ಸಂದಿಯಲ್ಲೇ ಮೆಟ್ಟಿಲು ಮೆಟ್ಟಿಲಾಗಿ ಏರುವ ಬಿರುಕು. ಇವು ಪಾಯ ಒಂದು ಕಡೆ ಕುಸಿದಿರುವ ಗುರುತಾಗಿರಬಹುದು. ಅಲ್ಲೇ ಬಾಗಿಲು ಸರಿಯಾಗಿ ಮುಚ್ಚುತ್ತಾ ನೋಡಿ. ಎಟಿಎಂ ಕಾರ್ಡಿನ ದಪ್ಪ ಮುಕ್ಕಾಲು ಎಂಎಂ. ಅದು ಬಿರುಕಿನೊಳಗೆ ಸಲೀಸಾಗಿ ಹೋದರೆ ಮೇಸ್ತ್ರಿಯ ಮಾತು ಸಾಲದು, ಸ್ಟ್ರಕ್ಚರಲ್ ಇಂಜಿನಿಯರ್ ನೋಡಲೇಬೇಕು. ಬಿರುಕು ಹಳೆಯದಾಗಿ ನಿಂತುಹೋಗಿದೆಯಾ, ಇನ್ನೂ ಬೆಳೆಯುತ್ತಿದೆಯಾ ಅನ್ನೋದೇ ಮುಖ್ಯ ಪ್ರಶ್ನೆ. ಎರಡು ಕೊನೆಗೂ ಪೆನ್ಸಿಲ್ ಗೆರೆ ಹಾಕಿ ತಾರೀಖು ಬರೆಯಿರಿ, ಮಧ್ಯದಲ್ಲಿ ಅಡ್ಡಲಾಗಿ ಒಂದು ಸಣ್ಣ ಗಾಜಿನ ತುಂಡು ಅಂಟಿಸಿ. ಗಾಜು ಒಡೆದರೆ ಗೋಡೆ ಇನ್ನೂ ಓಡಾಡುತ್ತಿದೆ ಅಂತ ಅರ್ಥ. ಇದಕ್ಕೆ ವಾರ ಸಾಲದು, ತಿಂಗಳುಗಳು ಬೇಕು. ಅಷ್ಟು ಕಾಯೋಕೆ ಮಾರುವವರು ಒಪ್ಪದಿದ್ದರೆ, ಕೆಟ್ಟದ್ದೇ ಆಗುತ್ತದೆ ಅಂತ ಲೆಕ್ಕ ಹಾಕಿ ಬೆಲೆ ಮಾತಾಡಿ, ಇಲ್ಲವಾದರೆ ಬಿಡಿ.

ಹುಬ್ಬಳ್ಳಿ, ವಿಜಯಪುರದ ಕಡೆ ಎರೆಮಣ್ಣಿನ ಮೇಲೆ ಕಟ್ಟಿದ ಮನೆ ನೋಡುತ್ತಿದ್ದರೆ ಒಂದು ವಿಷಯ ನೆನಪಿಡಿ. ಎರೆಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗುತ್ತದೆ. ಹಾಗಾಗಿ ಅಲ್ಲಿನ ಬಿರುಕು ಕಾಲಕ್ಕೆ ತಕ್ಕ ಹಾಗೆ ತೆಗೆದು ಮುಚ್ಚಿ ಆಡುತ್ತದೆ. ಏಪ್ರಿಲ್‌ನಲ್ಲಿ ಒಮ್ಮೆ, ಆಗಸ್ಟ್‌ನಲ್ಲಿ ಒಮ್ಮೆ ನೋಡದೆ ಹೇಳುವುದು ಕಷ್ಟ. ಮಂಗಳೂರು, ಉಡುಪಿ, ಕಾರವಾರದ ಕಡಲ ಹತ್ತಿರವಾದರೆ ಬಿರುಕಿಗಿಂತ ತುಕ್ಕಿನ ಮೇಲೆ ಕಣ್ಣಿರಲಿ, ಉಪ್ಪುಗಾಳಿ ಕಬ್ಬಿಣವನ್ನು ಬೇಗ ತಿನ್ನುತ್ತದೆ.

ತುಕ್ಕಿನ ಕಥೆ ಹೀಗೆ. ಒಳ್ಳೆ ಕಾಂಕ್ರೀಟಿಗೆ ಕ್ಷಾರದ ಗುಣ ಇರುತ್ತದೆ, ಅದೇ ಒಳಗಿನ ಕಬ್ಬಿಣವನ್ನು ಕಾಯುವುದು. ಗಾಳಿಯ ಕಾರ್ಬನ್ ಡೈಆಕ್ಸೈಡ್ ವರ್ಷಗಳ ಕಾಲ ಒಳಗೆ ಇಳಿಯುತ್ತಾ ಆ ಗುಣ ಕಡಿಮೆಯಾಗುತ್ತದೆ. ಆಮೇಲೆ ತೇವ ಸೇರಿದರೆ ಕಬ್ಬಿಣ ತುಕ್ಕು ಹಿಡಿಯುತ್ತದೆ. ತುಕ್ಕು ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ಕೇಳುತ್ತದೆ, ಹಾಗಾಗಿ ಕಾಂಕ್ರೀಟನ್ನು ಒಳಗಿನಿಂದಲೇ ಒಡೆದು ಚಕ್ಕೆ ಬೀಳಿಸುತ್ತದೆ. ನಮ್ಮ ಟೆರೇಸ್ ರೂಮಿನ ಸೀಲಿಂಗಿನಲ್ಲಿ ಇಂಜಿನಿಯರ್ ಸಣ್ಣ ಸುತ್ತಿಗೆಯಿಂದ ತಟ್ಟುತ್ತಾ ಹೋದರು. ಕೆಲವು ಕಡೆ ಟಣ್ ಟಣ್, ಕೆಲವು ಕಡೆ ಬೊದ್ ಬೊದ್. ಬೊದ್ ಅಂದ ಕಡೆ ಒಂದು ಚಕ್ಕೆ ಒಡೆದು, ಹೊಸದಾಗಿ ಕಂಡ ಕಾಂಕ್ರೀಟಿನ ಮೇಲೆ ಫಿನಾಲ್ಫ್ತಲೀನ್ ಅನ್ನುವ ದ್ರಾವಣ ಸಿಂಪಡಿಸಿದರು. ಆರೋಗ್ಯವಾಗಿರುವ ಕಾಂಕ್ರೀಟು ಅದಕ್ಕೆ ಗಾಢ ಗುಲಾಬಿ ಆಗುತ್ತದೆ. ನಮ್ಮದರಲ್ಲಿ ಮೇಲಿನ ಪದರ ಬಣ್ಣವೇ ಬರದೆ ಬೂದಿಯ ಹಾಗೇ ಉಳಿಯಿತು, ಕಬ್ಬಿಣ ದಾಟಿದ ಮೇಲೆ ಮಾತ್ರ ಗುಲಾಬಿ. "ಕಬ್ಬಿಣದ ರಕ್ಷಣೆ ಹೋಗಿದೆ" ಅಂದರು. ಅದೇ ಪರೀಕ್ಷೆಯನ್ನು ಕೆಳಗಿನ ಎರಡು ಮೋಲ್ಡಿಗೂ ಮಾಡಿದರು, ಅಲ್ಲಿ ಅರ್ಧ ಇಂಚಿನೊಳಗೇ ಗುಲಾಬಿ ಬಂತು. ನನಗೆ ಆಗ ಉಸಿರು ಬಂತು. ದೋಷ ಇದ್ದದ್ದು ಆಮೇಲೆ ಕಟ್ಟಿದ ಆ ಒಂದು ರೂಮಿಗೆ ಮಾತ್ರ, ಇಡೀ ಮನೆಗಲ್ಲ. ಇಂಥ ವ್ಯತ್ಯಾಸವೇ ತೀರ್ಮಾನ ಬದಲಿಸುತ್ತದೆ. ಪಿಲ್ಲರ್, ಬೀಮಿನಲ್ಲೇ ತುಕ್ಕು ಇದ್ದಿದ್ದರೆ ಬಿಟ್ಟು ಬರುತ್ತಿದ್ದೆವು.

ವೈರಿಂಗ್, ಪ್ಲಂಬಿಂಗ್, ಗೆದ್ದಲಿನ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ, ಇವು ದುಡ್ಡಿನ ಲೆಕ್ಕ. ಅರ್ತಿಂಗ್ ಇಲ್ಲದಿದ್ದರೆ ಮಾಡಿಸಿ, ಕರೆಂಟ್ ಸೋರಿದರೆ ತಾನೇ ಆಫ್ ಆಗುವ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಹಾಕಿಸಿ. ಹಳೇ ಜಿಐ (ಕಬ್ಬಿಣದ) ಪೈಪಿನಲ್ಲಿ ಬೆಳಗಿನ ಮೊದಲ ನೀರು ಕೆಂಪಗೆ ಬಂದರೆ ಪೈಪ್ ಪೂರ್ತಿ ಬದಲಿಸುವ ಖರ್ಚು ಹಿಡಿಯಿರಿ. ಬೋರ್‌ವೆಲ್ ನೀರನ್ನು ಲ್ಯಾಬಿಗೆ ಕಳಿಸಿ. ಕುಡಿಯುವ ನೀರಿಗೆ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಹೇಳುವ ಟಿಡಿಎಸ್, ಅಂದರೆ ನೀರಿನಲ್ಲಿ ಕರಗಿದ ಲವಣಾಂಶದ ಮಿತಿ ಲೀಟರಿಗೆ 500 ಮಿಲಿಗ್ರಾಂ, ಬೇರೆ ನೀರೇ ಇಲ್ಲದಿದ್ದರೆ 2000ದವರೆಗೆ. ಗೆದ್ದಲಿನ ಮಣ್ಣಿನ ಗೆರೆ ಬಾಗಿಲ ಚೌಕಟ್ಟಿನ ಹಿಂದೆ, ಅಟ್ಟದ ಮೂಲೆಯಲ್ಲಿ ಸಿಗುತ್ತದೆ. ಔಷಧಿ ಹೊಡೆಸಬಹುದು, ಆದರೆ ಮಲೆನಾಡಿನ ಹೆಂಚಿನ ಮನೆಯಾದರೆ ತೊಲೆಯ ಮೇಲೆ ತಟ್ಟಿ ನೋಡದೆ ಮುಂದುವರಿಯಬೇಡಿ.

ದುಡ್ಡಿಗೆ ಬಗ್ಗದ ದೋಷಗಳು

ನಾವು ಬಿಟ್ಟು ಬಂದ ಮೊದಲ ಮನೆಗೆ ಒಂದು ಬಿರುಕೂ ಇರಲಿಲ್ಲ. ಹಿಂದಿನ ಗೋಡೆಗೆ ತಾಗಿ ಒಂದು ಚಪ್ಪಡಿ ಮುಚ್ಚಿದ ಚರಂಡಿ ಇತ್ತು, ಅಷ್ಟೇ. ದಿಶಾಂಕ್ ಆ್ಯಪ್ ತೆಗೆದು ಅಲ್ಲೇ ನಿಂತು ನೋಡಿದಾಗ ಸರ್ವೆ ನಂಬರ್ ಸಿಕ್ಕಿತು. ಆ ಸರ್ವೆ ನಂಬರಿನ ಗ್ರಾಮ ನಕಾಶೆ ತೆಗೆಸಿದಾಗ ಆ ಚರಂಡಿ ಇದ್ದ ಜಾಗದಲ್ಲಿ ಅಗಲವಾದ ರಾಜಕಾಲುವೆ, ಅಂದರೆ ಮಳೆನೀರು ಹರಿಯುವ ಸರ್ಕಾರಿ ಕಾಲುವೆ, ಇತ್ತು. ನಮ್ಮ ವಕೀಲರು ಮಾತು ಬೆಳೆಸಲಿಲ್ಲ, "ಬೇಡ" ಅಂದರು. 2016ರ ಆಗಸ್ಟ್‌ನಲ್ಲಿ, ಆಮೇಲೆ 2022ರ ಪ್ರವಾಹದ ನಂತರ ಮಹದೇವಪುರದ ಕಡೆ, ರಾಜಕಾಲುವೆಯ ಮೇಲಿದ್ದ ಕಟ್ಟಡಗಳನ್ನು ಒಡೆದದ್ದು ಎಲ್ಲರಿಗೂ ನೆನಪಿದೆ. ಅವರಲ್ಲಿ ಖಾತೆ ಇದ್ದವರು, ತೆರಿಗೆ ಕಟ್ಟಿದವರು, ಬ್ಯಾಂಕ್ ಸಾಲ ತಗೊಂಡವರು ಇದ್ದರು. ಇಲ್ಲಿ ರಿಯಾಯಿತಿ ಕೇಳುವ ಮಾತೇ ಬೇಡ. ಎದ್ದು ಬನ್ನಿ.

ಪ್ಲಾನಿಗೂ ಕಟ್ಟಡಕ್ಕೂ ಹೊಂದಿಕೆ ಇಲ್ಲದಿರುವುದು ಹಳೇ ಮನೆಗಳಲ್ಲಿ ಬಹಳ ಸಾಮಾನ್ಯ. ಎರಡು ಮಹಡಿಗೆ ಮಂಜೂರಾತಿ, ನಿಂತಿರುವುದು ಮೂರು. "ಅಕ್ರಮ-ಸಕ್ರಮದಲ್ಲಿ ಸರಿಹೋಗುತ್ತೆ ಬಿಡಿ" ಅಂತ ಯಾರಾದರೂ ಹೇಳಿದರೆ ನಂಬಿ ಕೂರಬೇಡಿ, ಅಕ್ರಮ ಕಟ್ಟಡಗಳನ್ನು ದಂಡ ಕಟ್ಟಿಸಿಕೊಂಡು ಸಕ್ರಮ ಮಾಡುವ ಆ ಯೋಜನೆಗೆ ಸುಪ್ರೀಂ ಕೋರ್ಟ್ 2017ರ ಜನವರಿಯಲ್ಲೇ ತಡೆ ಕೊಟ್ಟಿತ್ತು. ಹೆಚ್ಚುವರಿ ಭಾಗ ಇಲ್ಲವೇ ಇಲ್ಲ ಅಂತ ಲೆಕ್ಕ ಹಾಕಿದರೂ ಮನೆ ನಿಮಗೆ ಸಾಕಾ, ಬೆಲೆ ಸರಿಯಾ ಅಂತ ಕೇಳಿಕೊಳ್ಳಿ. ನಮ್ಮ ಟೆರೇಸ್ ರೂಮು ಪ್ಲಾನಿನಲ್ಲಿ ಇರಲಿಲ್ಲ. ಹಾಗಾಗಿ ಅದಕ್ಕೆ ನಾವು ಒಂದು ರೂಪಾಯಿಯನ್ನೂ ಕಟ್ಟಲಿಲ್ಲ.

ಅಳತೆ ಕಮ್ಮಿ ಬಂದರೆ ಗಾಬರಿ ಬೇಡ, ಆದರೆ ಅಲ್ಲಿಗೇ ಬಿಡಬೇಡಿ. ಕ್ರಯಪತ್ರದ ಚೆಕ್ಕುಬಂದಿ (ನಾಲ್ಕು ದಿಕ್ಕಿನ ಗಡಿ ವಿವರ) ಹಿಡಿದುಕೊಂಡು, ಟೇಪ್ ಹಾಕಿ, ನಾಲ್ಕೂ ದಿಕ್ಕು ನೀವೇ ಅಳೆಯಿರಿ. ವ್ಯತ್ಯಾಸ ಇದ್ದರೆ ಲೈಸೆನ್ಸ್ ಇರುವ ಸರ್ವೇಯರ್ ಕರೆಸಿ. ಸರ್ವೆ ನಂಬರಿನ ಜಮೀನಾದರೆ ಹದ್ದುಬಸ್ತಿಗೆ, ಅಂದರೆ ಸರ್ಕಾರಿ ಸರ್ವೆಯವರು ಗಡಿ ಗುರುತಿಸಿಕೊಡುವುದಕ್ಕೆ, ಅರ್ಜಿ ಹಾಕಿಸಿ. ನಮ್ಮಲ್ಲಿ ಪಕ್ಕದವರ ಕಾಂಪೌಂಡು ಒಂದಡಿ ಈ ಕಡೆ ಬಂದಿತ್ತು, ಇಪ್ಪತ್ತು ವರ್ಷದ ಹಿಂದಿನ ಮಾತು. ಆ ಒಂದಡಿಗೆ ಈಗ ಜಗಳ ತೆಗೆದು, ಜೀವನಪೂರ್ತಿ ಮುಖ ನೋಡಬೇಕಾದವರ ಜೊತೆ ಕೋರ್ಟಿಗೆ ಹೋಗುವುದು ನಮಗೆ ಬೇಡವಾಗಿತ್ತು. ಇರುವ ಅಳತೆಗೇ ಬೆಲೆ ಕಟ್ಟಿ, ಕ್ರಯಪತ್ರದಲ್ಲೂ ಇರುವ ಅಳತೆಯನ್ನೇ ಬರೆಸಿದೆವು. ಬೆಂಗಳೂರಿನಲ್ಲಿ ಈಗ ಇ-ಖಾತೆ ಇಲ್ಲದೆ ನೋಂದಣಿ ಆಗುವುದಿಲ್ಲ. ಹಾಗಾಗಿ ಅದರಲ್ಲಿನ ಅಳತೆಯನ್ನೂ ಮಾರುವವರೇ ಮೊದಲು ಸರಿ ಮಾಡಿಸಿಕೊಡಬೇಕು ಅಂತ ಷರತ್ತು ಹಾಕಿದೆವು. ಇದಕ್ಕೆ ಏಳು ವಾರ ಹಿಡಿಯಿತು.

ಖರ್ಚಿನ ಲೆಕ್ಕ

ಕಾರಣ ಗೊತ್ತಾದ ಮೇಲೆ ಕನಿಷ್ಠ ಮೂವರಿಂದ ಕೊಟೇಶನ್ ತಗೊಳ್ಳಿ. ಟೆರೇಸ್ ರೂಮಿನ ಮೋಲ್ಡಿಗೆ ನಮಗೆ ಬಂದದ್ದು 1.8 ಲಕ್ಷ, 2.6 ಲಕ್ಷ ಮತ್ತು 4 ಲಕ್ಷ. ಮೊದಲನೆಯವರು ತುಕ್ಕಿನ ಮೇಲೆ ಸಿಮೆಂಟ್ ಮೆತ್ತುವ ಮಾತಾಡುತ್ತಿದ್ದರು, ಕೊನೆಯವರು ಮೋಲ್ಡನ್ನೇ ಒಡೆದು ಹೊಸದು ಹಾಕುವುದಾಗಿ ಹೇಳಿದರು. ಬೆಲೆ ಹೋಲಿಸುವ ಮುಂಚೆ ಯಾರು ಏನು ಕೆಲಸ ಮಾಡುತ್ತಾರೆ ಅಂತ ಹೋಲಿಸಿ. ಗಾರೆ ಕಿತ್ತ ಮೇಲೆ ಇನ್ನೊಂದಿಷ್ಟು ಸಿಕ್ಕೇ ಸಿಗುತ್ತದೆ, ಅದಕ್ಕೆ ಕಾಲು ಭಾಗ ಹೆಚ್ಚು ಇಟ್ಟುಕೊಳ್ಳಿ. ರಿಪೇರಿ ಮುಗಿಯುವವರೆಗೆ ಬಾಡಿಗೆ ಮನೆಯಲ್ಲೇ ಇರಬೇಕಾದರೆ ಆ ಬಾಡಿಗೆಯನ್ನೂ ಸೇರಿಸಿ.

ಇನ್ನೊಂದು ವಿಷಯ ಬಹಳ ಜನ ಮರೆಯುತ್ತಾರೆ. ಸಾಲ 75 ಲಕ್ಷ ದಾಟಿದರೆ ಬ್ಯಾಂಕ್ ಮನೆ ಬೆಲೆಯ ಶೇ 75ರವರೆಗೆ ಮಾತ್ರ ಕೊಡಬಹುದು, ಇದು ಆರ್‌ಬಿಐ ನಿಯಮ. ಮನೆ 1.2 ಕೋಟಿ, ಸಾಲ 90 ಲಕ್ಷ ಅಂತ ಇಟ್ಟುಕೊಳ್ಳಿ. ರಿಪೇರಿಗೆ ಅಂತ ಬೆಲೆಯಲ್ಲಿ 4 ಲಕ್ಷ ಇಳಿಸಿದರು. ನಿಮ್ಮ ಕೈಗೆ 4 ಲಕ್ಷ ಉಳಿಯಿತು ಅಂದುಕೊಂಡರೆ ತಪ್ಪು. ಸಾಲ 3 ಲಕ್ಷ ಕಡಿಮೆಯಾಗುತ್ತದೆ, ಜೇಬಿನಲ್ಲಿ ಉಳಿಯುವುದು 1 ಲಕ್ಷ ಮಾತ್ರ. ಆದರೆ ಮೇಸ್ತ್ರಿಗೆ ಕೊಡಬೇಕಾದ್ದು 4 ಲಕ್ಷವೂ ನಗದು. ಉಳಿದ 3 ಲಕ್ಷ ಎಲ್ಲಿಂದ ತರುತ್ತೀರಿ ಅನ್ನೋದು ಮೊದಲೇ ಗೊತ್ತಿರಬೇಕು. ಕೈಯಲ್ಲಿ ಅಷ್ಟು ಇಲ್ಲದಿದ್ದರೆ ಬೆಲೆ ಇಳಿಸುವುದಕ್ಕಿಂತ, ನೋಂದಣಿಗೆ ಮುಂಚೆ ಮಾರುವವರೇ ರಿಪೇರಿ ಮಾಡಿಸಿ ಕೊಡುವುದು ನಿಮಗೆ ಒಳ್ಳೆಯದು. ಅಂಥ ರಿಪೇರಿ ನಿಮ್ಮ ಇಂಜಿನಿಯರ್ ಬರೆದುಕೊಟ್ಟ ಹಾಗೆ ಆಗಬೇಕು, ಗಾರೆ ಮುಚ್ಚುವ ಮುಂಚೆ ಅವರು ಬಂದು ನೋಡಬೇಕು. ಇಲ್ಲದಿದ್ದರೆ ಪುಟ್ಟಿ ಹಚ್ಚಿ ಕೈ ತೊಳೆದುಕೊಳ್ಳುತ್ತಾರೆ.

ಮಾರುವವರ ಜೊತೆ ಮಾತು

ಬ್ರೋಕರ್ ಮೂಲಕ ಬೇಡ, ಎದುರು ಕೂತು ಮಾತಾಡಿ. ನಮಗೆ ಮನೆ ಮಾರಿದವರು ವಯಸ್ಸಾದ ದಂಪತಿ, ಮಗಳ ಜೊತೆ ಇರೋಕೆ ಬೇರೆ ಊರಿಗೆ ಹೊರಟಿದ್ದರು. ಬೀರುವಿನ ಹಿಂದಿನ ಫೋಟೋ ತೋರಿಸಿದಾಗ ಆ ಅಜ್ಜಿಯ ಮುಖ ಚಿಕ್ಕದಾಯಿತು. ಅವರಿಗೆ ನಿಜವಾಗಿ ಗೊತ್ತಿರಲಿಲ್ಲ. ಅವರು ಮೂವತ್ತು ವರ್ಷ ಬಾಳಿದ ಮನೆ ಅದು. "ನಿಮ್ಮ ಮನೆ ಸರಿಯಿಲ್ಲ" ಅಂತ ಶುರು ಮಾಡಿದರೆ ಯಾರಿಗಾದರೂ ನೋವಾಗುತ್ತದೆ, ಮಾತು ಅಲ್ಲೇ ಮುರಿಯುತ್ತದೆ. ನಾನು ಹೇಳಿದ್ದು ಇಷ್ಟು: "ನಮಗೆ ಈ ಮನೆ ಬೇಕು. ಇಂಜಿನಿಯರ್ ಇದನ್ನು ತೋರಿಸಿದ್ದಾರೆ, ರಿಪೇರಿಗೆ ಮೂರು ಕೊಟೇಶನ್ ತಂದಿದ್ದೇವೆ. ಹೇಗೆ ಮಾಡೋಣ, ನೀವೇ ಹೇಳಿ." ಹಾಳೆಗಳನ್ನು ಅವರ ಮುಂದಿಟ್ಟು ಸುಮ್ಮನೆ ಕೂತೆ. ಬಣ್ಣ, ಚಿಲಕ, ಕೊಳಾಯಿ ಪಟ್ಟಿಯಲ್ಲಿ ಸೇರಿಸಿರಲಿಲ್ಲ. ಸಣ್ಣದಕ್ಕೆಲ್ಲ ದುಡ್ಡು ಕೇಳಿದರೆ ದೊಡ್ಡದಕ್ಕೆ ಬೆಲೆ ಇರುವುದಿಲ್ಲ. ಟೆರೇಸ್ ರೂಮು ಮತ್ತು ವೈರಿಂಗಿಗೆ ಬೆಲೆ ಇಳಿಸಿದರು, ಓಣಿಯ ಕೆಲಸ ಅವರೇ ಮಾಡಿಸಿದರು.

ಕಾನೂನೂ ಸ್ವಲ್ಪ ಗೊತ್ತಿರಲಿ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 55ನೇ ಸೆಕ್ಷನ್ ಪ್ರಕಾರ, ತನಗೆ ಗೊತ್ತಿದ್ದು ಕೊಳ್ಳುವವನಿಗೆ ಗೊತ್ತಿಲ್ಲದ, ಸಾಮಾನ್ಯ ಎಚ್ಚರದಿಂದ ನೋಡಿದರೂ ಕಾಣದ ಮುಖ್ಯ ದೋಷವನ್ನು ಮಾರುವವನು ಹೇಳಲೇಬೇಕು. ಇದರ ಇನ್ನೊಂದು ಮುಖ ಗಮನಿಸಿ. ನಿಮ್ಮ ಇಂಜಿನಿಯರ್ ವರದಿಯಲ್ಲಿ ಬಂದ ಮೇಲೆ ಆ ದೋಷ ನಿಮಗೆ ಗೊತ್ತಿರುವ ದೋಷ. ಸುಮ್ನೆ ಸಹಿ ಹಾಕಿ ಆಮೇಲೆ "ನನಗೆ ಹೇಳಲಿಲ್ಲ" ಅನ್ನೋಕೆ ಆಗುವುದಿಲ್ಲ. ಏನೇ ಕೇಳುವುದಿದ್ದರೂ ನೋಂದಣಿಗೆ ಮುಂಚೆಯೇ ಕೇಳಬೇಕು. ಬಿಲ್ಡರ್‌ನಿಂದ ಹೊಸ ಫ್ಲ್ಯಾಟ್ ಕೊಳ್ಳುವವರಿಗೆ ಸ್ವಲ್ಪ ಅನುಕೂಲ ಇದೆ. ರೇರಾ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆಯ ಪ್ರಕಾರ ಸ್ವಾಧೀನ ಕೊಟ್ಟ ದಿನದಿಂದ 5 ವರ್ಷದೊಳಗೆ ರಚನೆಯ ದೋಷ ಕಂಡು ತಿಳಿಸಿದರೆ ಬಿಲ್ಡರ್ 30 ದಿನದಲ್ಲಿ ತನ್ನ ಖರ್ಚಿನಲ್ಲೇ ಸರಿ ಮಾಡಿಕೊಡಬೇಕು.

ಒಪ್ಪಿಕೊಂಡದ್ದೆಲ್ಲ ಕರಾರಿನಲ್ಲಿ ಬರಬೇಕು. ನಮ್ಮ ವಕೀಲರು ಹಾಕಿದ ಸಾಲು ಹೆಚ್ಚು ಕಡಿಮೆ ಹೀಗಿತ್ತು: "ಪಟ್ಟಿ ಅ ನಲ್ಲಿ ಹೇಳಿದ ಕೆಲಸಗಳನ್ನು ಮಾರಾಟಗಾರರು ಖರೀದಿದಾರರ ಇಂಜಿನಿಯರ್ ಒಪ್ಪುವಂತೆ 45 ದಿನದೊಳಗೆ ಪೂರೈಸತಕ್ಕದ್ದು. ತಪ್ಪಿದಲ್ಲಿ ಖರೀದಿದಾರರು ಕರಾರು ರದ್ದು ಮಾಡಬಹುದು, ಮಾರಾಟಗಾರರು ಪೂರ್ತಿ ಮುಂಗಡವನ್ನು 7 ದಿನದೊಳಗೆ ಹಿಂದಿರುಗಿಸತಕ್ಕದ್ದು." ಪಟ್ಟಿ ಅ ಗೆ ಫೋಟೋ ಲಗತ್ತಿಸಿ, ಪ್ರತಿ ಪುಟಕ್ಕೂ ಇಬ್ಬರ ಸಹಿ ಹಾಕಿಸಿ. ನಿಮ್ಮ ಪ್ರಕರಣಕ್ಕೆ ತಕ್ಕ ಮಾತುಗಳನ್ನು ನಿಮ್ಮ ವಕೀಲರೇ ಬರೆಯಲಿ.

ಬಿಡಬೇಕಾದದ್ದು ಯಾವಾಗ

ಕಾಲುವೆ, ಕೆರೆ, ಸರ್ಕಾರಿ ಜಾಗದ ಪ್ರಶ್ನೆ ಇದ್ದರೆ ಬಿಡಿ. ಪಿಲ್ಲರ್, ಬೀಮು, ಪಾಯದಲ್ಲಿ ದೋಷ ಇದ್ದು ಕಾರಣ ಯಾರಿಗೂ ಗೊತ್ತಾಗದಿದ್ದರೆ ಬಿಡಿ. ಪರೀಕ್ಷೆ ಮಾಡೋಕೆ ಬಿಡದಿದ್ದರೆ, ಬೀರು ಸರಿಸಬೇಡಿ ಅಂದರೆ ಬಿಡಿ. ರಿಪೇರಿ ಸೇರಿಸಿದ ಮೊತ್ತ ಅದೇ ಬೀದಿಯ ಒಳ್ಳೆ ಮನೆಯ ಬೆಲೆ ದಾಟಿದರೂ ಅಷ್ಟೇ. ಅಷ್ಟು ದಿನ ಓಡಾಡಿದ್ದೇವೆ, ವಕೀಲರಿಗೆ ಕೊಟ್ಟಾಗಿದೆ, ಗೃಹಪ್ರವೇಶಕ್ಕೆ ಮುಹೂರ್ತ ನೋಡಿಸಿ ನೆಂಟರಿಗೆ ಹೇಳಿಯೂ ಆಗಿದೆ ಅಂತ ಮನಸ್ಸು ಎಳೆಯುತ್ತದೆ. ನಮ್ಮ ಅಮ್ಮ ಮೊದಲ ಮನೆ ಬಿಟ್ಟಾಗ ಎರಡು ದಿನ ಮಾತಾಡಲಿಲ್ಲ. ಆದರೂ ಬಿಟ್ಟೆವು.

ನೋಂದಣಿಗೆ ಮುಂಚಿನ ವಾರ

ಮನೆ ಖಾಲಿಯಾದ ಮೇಲೆ, ನೋಂದಣಿಗೆ ಮುಂಚೆ, ಇಂಜಿನಿಯರ್ ಜೊತೆ ಕೊನೆಯ ಸಲ ಹೋಗಿ. ಸಾಮಾನು ಹೋದ ಮನೆ ಬೇರೆಯೇ ಕಾಣುತ್ತದೆ, ಅಡಗಿದ್ದದ್ದು ಹೊರಗೆ ಬರುತ್ತದೆ. ಎಲ್ಲ ಕೊಳಾಯಿ ಬಿಡಿ, ಎಲ್ಲ ಸ್ವಿಚ್ ಹಾಕಿ. ಪಟ್ಟಿ ಅ ಹಿಡಿದು ಒಂದೊಂದಕ್ಕೂ ಟಿಕ್ ಹಾಕಿ. ಹೊಸ ಇಸಿ (ಆಸ್ತಿಯ ಮೇಲಿನ ಋಣಭಾರ ತೋರಿಸುವ ಪತ್ರ) ಅದೇ ವಾರ ತೆಗೆಸಿ. ನಾವು ಆ ಬೀರುವಿನ ಹಿಂದಿನ ಗೋಡೆಗೆ ಮತ್ತೆ ಎರಡು ದಿನ ಪ್ಲಾಸ್ಟಿಕ್ ಹಾಳೆ ಅಂಟಿಸಿಟ್ಟೆವು. ಹೊಸ ಗಾರೆಯ ತೇವ ಪೂರ್ತಿ ಹೋಗೋಕೆ ಕೆಲವು ವಾರ ಬೇಕು ಅಂತ ಇಂಜಿನಿಯರ್ ಮೊದಲೇ ಹೇಳಿದ್ದರು. ಅದಕ್ಕೇ ಕೆಲಸ ಮುಗಿದು ಒಂದು ತಿಂಗಳಾದ ಮೇಲೆ ನೋಡಿದ್ದು. ಟೇಪ್ ಕಿತ್ತು ಹಾಳೆ ಬೆಳಕಿಗೆ ಹಿಡಿದೆವು. ಒಳಗಡೆ ಒಂದು ಹನಿಯೂ ಇರಲಿಲ್ಲ. ಸೋಮವಾರ ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋದೆವು.